ನಾಯಿಗೆ ಕಿಶ್‌ಮಿಶ್ ಹಾಕಬೇಡಿ

ರಂಜಾನ್ ಬಂದರೆ ಶೀರ್ ಖುರ್ಮಾಕ್ಕೆ, ಶ್ರಾವಣ ಬಂದರೆ ಪಾಯಸಕ್ಕೆ. ಜಹೀರಾಬಾದಿನ ನನ್ನ ಕಿರಾಣಿ ಅಂಗಡಿಯಲ್ಲಿ ವಿಜಯಪುರದ ಒಣದ್ರಾಕ್ಷಿಗೆ ಆಗ ಎಲ್ಲಿಲ್ಲದ ಗಿರಾಕಿ. ಪೊಟ್ಟಣ ಕಟ್ಟುವಾಗ ಒಂದು ಮಾತು ಹೇಳಿಯೇ ಕಳಿಸುತ್ತೇನೆ: ಇದನ್ನು ನಾಯಿಗೆ ಹಾಕಬೇಡಿ. ‘ಕೂಸುಗಳು ತಿಂತಾವ, ನಾಯಿಗೇನಾಗ್ತದ ಅಣ್ಣಾ?’ ಎಂದು ಕೇಳುತ್ತಾರೆ.

ಕಿಡ್ನಿ ಹೋಗುತ್ತದೆ. ದ್ರಾಕ್ಷಿ ನಂಜೇರಿದ ನಾಯಿ ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ ಮಾಡುತ್ತದೆ, ಕೂಳು ಮುಟ್ಟದೆ ಮಂಕಾಗಿ ಮಲಗುತ್ತದೆ. ಎರಡು ಮೂರು ದಿನಗಳಲ್ಲಿ ಉಚ್ಚೆ ಕಟ್ಟಿ ಜೀವಕ್ಕೇ ಬರಬಹುದು. ಹಸಿ ಹಣ್ಣಿಗಿಂತ ಒಣಗಿದ್ದು ತೂಕಕ್ಕೆ ತೂಕ ಹೆಚ್ಚು ಅಪಾಯ. ಒಂದು ನಾಯಿ ಹಿಡಿ ತುಂಬ ತಿಂದೂ ಓಡಾಡಿಕೊಂಡಿರುತ್ತದೆ, ಇನ್ನೊಂದಕ್ಕೆ ಕೆಲವೇ ಹಣ್ಣು ಸಾಕು. ಇಷ್ಟು ತಿಂದರೆ ಚಿಂತೆಯಿಲ್ಲ ಎಂಬ ಲೆಕ್ಕ ಪಶುವೈದ್ಯರ ಬಳಿಯೂ ಇಲ್ಲ.

ಕಾರಣ ಬಹುಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲವೇ ಇರಬೇಕೆಂದರು. ಹುಣಸೆಯ ಹುಳಿಯೂ ಅದೇ ಆಮ್ಲದ್ದು, ಹುಣಸೆ ತಿಂದ ನಾಯಿಗಳಲ್ಲೂ ಅದೇ ಬಗೆಯ ಕಿಡ್ನಿ ಹಾನಿ ಕಂಡಿದೆ. ನನಗೆ ಹೆಚ್ಚು ಚಿಂತೆ ಇದರದೇ. ಬೇಸಿಗೆಯಲ್ಲಿ ನಾರಾಯಣಖೇಡದ ಹಳ್ಳಿಗಳಲ್ಲಿ ಅಂಗಳದ ತುಂಬ ಹುಣಸೆಹಣ್ಣು ಹರವಿರುತ್ತದೆ. ಹೆಂಗಸರು ಕುಟ್ಟಿ ಬೀಜ ತೆಗೆಯುತ್ತಿರುತ್ತಾರೆ, ಪಕ್ಕದಲ್ಲೇ ಮನೆಯ ನಾಯಿ ಮಲಗಿರುತ್ತದೆ. ತಾಂಡೂರಿನ ಕಲ್ಲುಹಾಸಿನ ಅಂಗಳಗಳಲ್ಲೂ ಹೀಗೆಯೇ. ನಾಯಿ ಹುಳಿ ಮುಟ್ಟುವುದಿಲ್ಲ ಎಂಬ ನಂಬಿಕೆ ಸಾಲದು, ಮರಿಗಳು ಏನನ್ನಾದರೂ ಅಗಿಯುತ್ತವೆ.

ಖರ್ಜೂರ, ಅಂಜೂರ ಇಂಥ ವಿಷವಲ್ಲ. ಖರ್ಜೂರದ ಬೀಜ ತೆಗೆದು ಚೂರು ಕೊಟ್ಟರೆ ತೊಂದರೆಯಿಲ್ಲ, ಸಕ್ಕರೆ ಜಾಸ್ತಿ ಇರುವುದರಿಂದ ಅಷ್ಟಕ್ಕೇ ನಿಲ್ಲಿಸಬೇಕು.

1956ರಲ್ಲಿ ಜಹೀರಾಬಾದ್, ನಾರಾಯಣಖೇಡ ಬೀದರದಿಂದಲೂ ತಾಂಡೂರು ಕಲಬುರಗಿಯಿಂದಲೂ ಬೇರೆಯಾದವು. ಇಲ್ಲಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಕನ್ನಡವೇ ಮಾತು. ಆದ್ದರಿಂದ ಈ ಮೂರೂ ಊರುಗಳ ಪಶು ಆಸ್ಪತ್ರೆಗಳು ತೆಲುಗು, ಉರ್ದು, ಕನ್ನಡ ಮೂರರಲ್ಲೂ ಈ ಎಚ್ಚರಿಕೆಯನ್ನು ಗೋಡೆಗೆ ಬರೆಸಬೇಕು. ರೇಬಿಸ್ ಲಸಿಕೆಗೆ ನಾಯಿ ತಂದವರಿಗೆ ಬಾಯಿಂದಲೂ ಹೇಳಬೇಕು. ಖರ್ಚೇನೂ ದೊಡ್ಡದಲ್ಲ.

ತಿಂದದ್ದು ಗೊತ್ತಾದರೆ ವಾಂತಿಯಾಗಲಿ ನೋಡೋಣ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಬೇಡಿ, ಅದೂ ನಾಯಿಗೆ ಅಪಾಯ. ಮೊದಲ ಒಂದೆರಡು ತಾಸಿನಲ್ಲಿ ತಲುಪಿದರೆ ವೈದ್ಯರು ವಾಂತಿ ಮಾಡಿಸಿ, ಸಲಾಯಿನ್ ಹಚ್ಚಿ ಕಿಡ್ನಿ ಉಳಿಸಬಲ್ಲರು. ಉಳಿದ ಪೊಟ್ಟಣವನ್ನೂ ಜೊತೆಗೊಯ್ಯಿರಿ, ಎಷ್ಟು ತಿಂದಿದೆ ಎಂದು ಅವರಿಗೆ ಅಂದಾಜು ಸಿಗುತ್ತದೆ.