ರೇಸ್ ಸೀಟು ಆಮೇಲೆ, ಮೊದಲು ಕವರ್ ಕೆಳಗಿನ ಬಕಲ್ ಹುಡುಕೋಣ

ಈ ಸಲ ಷಷ್ಠಿ ಜಾತ್ರೆಗೆಂದು ನಾಗಲಮಡಿಕೆಗೆ ಹೋಗಿದ್ದಾಗ ದೊಡ್ಡಪ್ಪನ ಮಗ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ಕೆಂಪು ಹೊಲಿಗೆಯ ಕಪ್ಪು ಬಕೆಟ್ ಸೀಟು, ಹೆಗಲ ಹತ್ತಿರದ ತೂತುಗಳಿಂದ ಇಳಿಬಿದ್ದ ಅಗಲವಾದ ಕೆಂಪು ಬೆಲ್ಟು. ‘ನೀನು ಕಾಲೇಜಲ್ಲಿ ರೇಸ್ ಕಾರು ಕಟ್ತೀಯಲ್ಲಮ್ಮ, ಇದರಲ್ಲಿ ಕಮ್ಮಿ ರೇಟಿಗೆ ಯಾವುದು ಒಳ್ಳೇದು ಹೇಳು. ಎರಡು ಸೀಟು, ಎರಡು ಬೆಲ್ಟು, ಫಿಟ್ಟಿಂಗು ಎಲ್ಲಾ ಸೇರಿ ಇಪ್ಪತ್ತೆಂಟು ಸಾವಿರಕ್ಕೆ ಮಾಡ್ಕೊಡ್ತಾರಂತೆ’ ಅಂದ.

ನಾವು ಕಟ್ಟುವುದು ರೇಸ್ ಕಾರಲ್ಲ, ಬಾಹಾ ಸ್ಪರ್ಧೆಗೆ ಹೋಗುವ ಒಂದು ಸೀಟಿನ ಬಗ್ಗಿ. ಅದನ್ನು ಎಷ್ಟು ಸಲ ಹೇಳಿದರೂ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅಣ್ಣನದು ಸೆಕೆಂಡ್ ಹ್ಯಾಂಡ್ ಸ್ವಿಫ್ಟು. ತಿರುಮಣಿ ಕಡೆಯ ಸೋಲಾರ್ ಪಾರ್ಕಿಗೆ ದೊಡ್ಡಪ್ಪನ ಜಮೀನೂ ಗುತ್ತಿಗೆಗೆ ಹೋಗಿದೆ. ಹದಿಮೂರು ಸಾವಿರ ಎಕರೆ, 2,050 ಮೆಗಾವಾಟಿನ ಪಾರ್ಕು ಅದು. ವರ್ಷಕ್ಕೊಮ್ಮೆ ಬರುವ ಬಾಡಿಗೆ ದುಡ್ಡಿನಲ್ಲಿ ನಮ್ಮ ಕಡೆ ಎಷ್ಟೋ ಮನೆಗಳ ಮುಂದೆ ಕಾರು ಬಂದು ನಿಂತಿವೆ. ಪಾರ್ಕಿನ ಜೊತೆ ಒಳ್ಳೆಯ ಟಾರು ರಸ್ತೆಯೂ ಬಂತು. ಕಾರು, ರಸ್ತೆ, ರೀಲ್ಸ್ ಮೂರೂ ಕೂಡಿದ ಮೇಲೆ ಬಕೆಟ್ ಸೀಟಿನ ಆಸೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ನನಗೂ ಆ ಸೀಟು ಚೆಂದವೇ ಕಂಡಿತು, ಸುಳ್ಳು ಯಾಕೆ ಹೇಳಲಿ.

ಆದರೆ ಅಣ್ಣನ ವಾದ ಚೆಂದದ್ದಾಗಿರಲಿಲ್ಲ, ಸುರಕ್ಷತೆಯದ್ದಾಗಿತ್ತು. ‘ರೇಸಲ್ಲಿ ಗಾಡಿ ಮೂರು ಪಲ್ಟಿ ಹೊಡೆದ್ರೂ ಡ್ರೈವರ್ ಎದ್ದು ನಡ್ಕೊಂಡು ಬರ್ತಾನೆ. ಈ ಬೆಲ್ಟ್ ಇರೋದಕ್ಕೇ ತಾನೇ?’ ಇದೇ ಮಾತನ್ನು ನಮ್ಮ ಕಾಲೇಜಿನ ಹಾಸ್ಟೆಲಿನಲ್ಲೂ ಕೇಳಿದ್ದೇನೆ, ಅದೂ ಮೆಕ್ಯಾನಿಕಲ್ ಓದುವವರ ಬಾಯಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ. ಬೀದಿಯಲ್ಲಿ ಓಡುವ ಕಾರಿಗೆ ಅಗ್ಗದ ರೇಸ್ ಸೀಟು, ಹಾರ್ನೆಸ್ ಹಾಕಿಸುವುದು ಸುರಕ್ಷತೆಯನ್ನು ಹೆಚ್ಚಿಸುವುದಿಲ್ಲ, ಇರುವುದನ್ನೂ ಕಿತ್ತು ಹಾಕುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ರೇಸ್ ಚಾಲಕ ಎದ್ದು ಬರುವುದು ಬೆಲ್ಟ್ ಒಂದರಿಂದಲೇ ಅಲ್ಲ. ಅವನ ಸುತ್ತ ಉಕ್ಕಿನ ಪೈಪಿನ ರೋಲ್ ಕೇಜ್ ಇರುತ್ತದೆ. ತಲೆಗೆ ಹೆಲ್ಮೆಟ್ ಇರುತ್ತದೆ. ಕುತ್ತಿಗೆಗೆ ಹ್ಯಾನ್ಸ್ ಎಂಬ ಸಾಧನ ಇರುತ್ತದೆ. ಅಮೆರಿಕದ ನ್ಯಾಸ್‌ಕಾರ್ ರೇಸಿನ ದೊಡ್ಡ ಹೆಸರು ಡೇಲ್ ಅರ್ನ್‌ಹಾರ್ಟ್. 2001ರ ಫೆಬ್ರುವರಿ 18ರಂದು ಡೇಟೋನಾದಲ್ಲಿ ಕೊನೆಯ ಸುತ್ತಿನಲ್ಲಿ ಗೋಡೆಗೆ ಗುದ್ದಿ ಸತ್ತರು. ಹಾರ್ನೆಸ್, ಹೆಲ್ಮೆಟ್ ಎರಡೂ ಇತ್ತು, ಹ್ಯಾನ್ಸ್ ಇರಲಿಲ್ಲ. ತಲೆಬುರುಡೆಯ ಬುಡ ಮುರಿದಿತ್ತು. ಹಾರ್ನೆಸ್ ಎರಡೂ ಹೆಗಲನ್ನು ಅಲುಗದಂತೆ ಹಿಡಿದಾಗ ಮುಂದೆ ಹೋಗಲು ಉಳಿಯುವುದು ತಲೆ ಒಂದೇ, ಎಳೆತವೆಲ್ಲ ಕುತ್ತಿಗೆಗೆ. ಅದೇ ವರ್ಷ ನ್ಯಾಸ್‌ಕಾರ್ ಕುತ್ತಿಗೆಯ ಸಾಧನವನ್ನು ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ ಒನ್ ಕೂಡ ಮಾಡಿತು. ಪಾವಗಡದ ಸಂತೆಗೆ ಹೋಗಲು ಅಣ್ಣ ಹೆಲ್ಮೆಟ್, ಹ್ಯಾನ್ಸ್ ಹಾಕಿಕೊಂಡು ಕೂರುತ್ತಾನೆಯೇ?

ಇನ್ನು ಪಲ್ಟಿ. ನಮ್ಮ ತಾಲ್ಲೂಕಿನವರಿಗೆ ವಾಹನ ಉರುಳುವುದು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಹತ್ತಿರ ಉರುಳಿದ್ದು, ಅದರಲ್ಲಿ ಓದುವ ಮಕ್ಕಳು ಸತ್ತದ್ದು ಎಲ್ಲರಿಗೂ ನೆನಪಿದೆ. ಕಾರು ಉರುಳಿದಾಗ ಚಾವಣಿ ಒಳಕ್ಕೆ ಕುಸಿಯಬಹುದು. ಮೂರು ಬಿಂದುವಿನ ಮಾಮೂಲಿ ಬೆಲ್ಟಿನಲ್ಲಿ ಮೈ ಸ್ವಲ್ಪ ಪಕ್ಕಕ್ಕೋ ಮುಂದಕ್ಕೋ ವಾಲುತ್ತದೆ. ಹಾರ್ನೆಸ್ಸಿನಲ್ಲಿ ಎರಡೂ ಹೆಗಲು ಬಿಗಿದಿರುವಾಗ ನೆಟ್ಟಗೆ ಕೂತೇ ಇರಬೇಕು. ಮೇಲೆ ಕೇಜ್ ಇಲ್ಲದಿದ್ದರೆ ಆ ಚಾವಣಿಯನ್ನು ತಡೆಯುವುದು ನಮ್ಮ ತಲೆ, ಬೆನ್ನುಮೂಳೆಯೇ. ಹಾಗಾದರೆ ಕೇಜೂ ಹಾಕಿಸುತ್ತೇನೆ ಅನ್ನುವವರು ಇನ್ನೊಂದು ಲೆಕ್ಕ ಹಾಕಬೇಕು. ಹೆಲ್ಮೆಟ್ ಇಲ್ಲದ ತಲೆಯ ಪಕ್ಕದಲ್ಲೇ ಉಕ್ಕಿನ ಪೈಪು ಇದ್ದರೆ ಸಣ್ಣ ಗುದ್ದಿಗೂ ತಲೆ ಒಡೆಯುತ್ತದೆ.

ನಾನು ಪೆನ್ನು ತೆಗೆದು ಜಾತ್ರೆಯ ಕರಪತ್ರದ ಹಿಂದೆಯೇ ಲೆಕ್ಕ ಮಾಡಿ ತೋರಿಸಿದೆ. ಅರವತ್ತು ಕಿಲೋ ತೂಕದ ಮನುಷ್ಯ, ಗಂಟೆಗೆ ಐವತ್ತು ಕಿ.ಮೀ. ವೇಗ. ಗುದ್ದಿದಾಗ ಅವನ ಮೈ ಅರ್ಧ ಮೀಟರಿನೊಳಗೆ ನಿಲ್ಲಬೇಕೆಂದರೆ ಬೆಲ್ಟಿನ ಮೇಲೆ ಸರಾಸರಿ 1,180 ಕಿಲೋ ತೂಕ ನೇತುಹಾಕಿದಷ್ಟು ಬಲ ಬೀಳುತ್ತದೆ. ಇದು ಸರಾಸರಿ ಅಷ್ಟೇ, ಒಂದು ಕ್ಷಣಕ್ಕೆ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಈ ಬಲವನ್ನು ತಡೆಯಬೇಕಾದದ್ದು ಬೆಲ್ಟಿನ ನೂಲು, ಬಕಲ್, ಬೋಲ್ಟು, ಬೋಲ್ಟು ಕೂತಿರುವ ತಗಡು. ನಾಲ್ಕರಲ್ಲಿ ಒಂದು ಸೋತರೂ ಉಳಿದ ಮೂರು ಇದ್ದೂ ಇಲ್ಲದಂತೆ. ಕಾರಿನ ನೆಲ ತೆಳು ತಗಡು. ಅದಕ್ಕೇ ಹಾರ್ನೆಸ್ ಕೂರಿಸಲು ಹೊಸ ತೂತು ಹೊಡೆದರೆ ಕನಿಷ್ಠ ಮೂರು ಮಿಲಿಮೀಟರ್ ದಪ್ಪ, ನಲವತ್ತು ಚದರ ಸೆಂಟಿಮೀಟರ್ ಅಗಲದ ಉಕ್ಕಿನ ತಟ್ಟೆ ಕೊಡಬೇಕೆಂದು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮ ಮಾಡಿದೆ. ಅಣ್ಣನ ಮೊಬೈಲಿನ ಚಿತ್ರದಲ್ಲಿ ಬೋಲ್ಟಿನ ಕೆಳಗೆ ಇದ್ದದ್ದು ಒಂದು ವಾಷರ್ರು.

ಅಗ್ಗದ ಹಾರ್ನೆಸ್ಸಿನ ಬಗ್ಗೆ ಇನ್ನೂ ಒಂದು ಮಾತಿದೆ. ಅವು ಸಾಮಾನ್ಯವಾಗಿ ನಾಲ್ಕು ಬಿಂದುವಿನವು. ಎರಡು ಪಟ್ಟಿ ಹೆಗಲಿಗೆ, ಎರಡು ಸೊಂಟಕ್ಕೆ. ಗುದ್ದಿದಾಗ ಹೆಗಲ ಪಟ್ಟಿಗಳು ಸೊಂಟದ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತವೆ. ಸೊಂಟದ ಎಲುಬಿನ ಮೇಲಿರಬೇಕಾದ ಪಟ್ಟಿ ಹೊಟ್ಟೆಯ ಮೇಲೆ ಬಂದು ಮೈ ಅದರಡಿಯಲ್ಲಿ ಜಾರುತ್ತದೆ. ಇದನ್ನು ತಡೆಯಲು ತೊಡೆಗಳ ನಡುವೆ ಬರುವ ಐದನೇ, ಆರನೇ ಪಟ್ಟಿ ಬೇಕು. ನಮ್ಮ ಬಗ್ಗಿಯಲ್ಲಿ ಅದಿದೆ. ಹೆಗಲ ಪಟ್ಟಿ ಹೆಗಲಿನಿಂದ ಹಿಂದಕ್ಕೆ ಹೆಚ್ಚುಕಡಿಮೆ ಅಡ್ಡಲಾಗಿ ಹೋಗಬೇಕು. ಕಾರಿನಲ್ಲಿ ಕಟ್ಟಲು ಜಾಗವಿಲ್ಲವೆಂದು ನೆಲಕ್ಕೆ ಕಟ್ಟಿದರೆ ಗುದ್ದಿದಾಗ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಹಳ್ಳಿ ರಸ್ತೆಯ ಪಾಡೂ ಬೇರೆ. ಸುಗ್ಗಿಯಲ್ಲಿ ನಮ್ಮ ರಸ್ತೆಯೇ ಕಣ. ಹುರುಳಿ, ರಾಗಿ ಹರಡಿರುತ್ತಾರೆ, ಕುರಿ ಮಂದೆ ಅಡ್ಡ ಬರುತ್ತದೆ, ಕ್ರಾಸಿನಲ್ಲಿ ಮುಂದೆ ಬಾಗಿ ಎಡಬಲ ನೋಡಬೇಕು. ಬಿಗಿದ ಹಾರ್ನೆಸ್ಸಿನಲ್ಲಿ ಬಾಗಲು ಆಗುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ, ಸಡಿಲ ಬಿಡುತ್ತಾರೆ. ಸಡಿಲ ಹಾರ್ನೆಸ್ಸಿಗಿಂತ ಕಂಪನಿಯ ಬೆಲ್ಟು ಎಷ್ಟೋ ವಾಸಿ.

ಆ ಮಾಮೂಲಿ ಬೆಲ್ಟನ್ನು ನಾವು ಬಹಳ ಕೀಳಾಗಿ ಕಾಣುತ್ತೇವೆ. ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಇದನ್ನು ಕಾರಿಗೆ ತಂದ. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೊ ಬಿಟ್ಟುಕೊಟ್ಟಿತು. ನಿಧಾನಕ್ಕೆ ಎಳೆದರೆ ಬರುತ್ತದೆ, ಜೋರಾಗಿ ಜಗ್ಗಿದರೆ ಕಚ್ಚಿ ನಿಲ್ಲುತ್ತದೆ. ಈಚಿನ ಕಾರುಗಳಲ್ಲಿ ಗುದ್ದಿದ ಕ್ಷಣ ಬೆಲ್ಟನ್ನು ಹಿಂದಕ್ಕೆಳೆದು ಬಿಗಿಯುವ, ಆಮೇಲೆ ಎದೆಗೂಡು ಮುರಿಯದಂತೆ ಸ್ವಲ್ಪವೇ ಬಿಡುವ ವ್ಯವಸ್ಥೆಯೂ ಇದೆ. ಇಪ್ಪತ್ತೆಂಟು ಸಾವಿರ ಕೊಟ್ಟು ಇದನ್ನು ತೆಗೆಸುವುದಿದೆಯಲ್ಲ, ಅದು ನನಗೆ ಅರ್ಥವಾಗದ ವ್ಯಾಪಾರ. ಎಷ್ಟೋ ಕಾರುಗಳಲ್ಲಿ ಬಕಲ್ ಇರುವುದು ಸೀಟಿನ ಮೇಲೆಯೇ, ಸೀಟು ಹೋದರೆ ಅದೂ ಹೋಯಿತು. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದೂ ಹೋಯಿತು. ಸೀಟಿನಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿಗೋ ಬೆಲ್ಟು ಬಿಗಿಯುವ ಸಾಧನಕ್ಕೋ ಹೋಗುವ ವೈರು, ಗ್ಯಾರೇಜಿನ ಹುಡುಗ ಕಿತ್ತು ಟೇಪು ಸುತ್ತುವಂಥದ್ದಲ್ಲ.

ಹಾಗೆಂದು ರೇಸ್ ಸೀಟೇ ಬೇಡ ಎನ್ನುವವಳು ನಾನಲ್ಲ. ಶ್ರೀಪೆರಂಬುದೂರಿನ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ ಓಡಿಸುವ ಆಸೆ ಇರುವವರು ಅದಕ್ಕೇ ಬೇರೆ ಕಾರು ಇಟ್ಟುಕೊಳ್ಳಲಿ. ಅವರು ಬೆಲೆಗಿಂತ ಮೊದಲು ಲೇಬಲ್ ನೋಡಲಿ. ಎಫ್‌ಐಎ ಅಥವಾ ಎಸ್‌ಎಫ್‌ಐ ಚೀಟಿ, ತಯಾರಾದ ದಿನಾಂಕ, ಅವಧಿ ಮುಗಿಯುವ ವರ್ಷ ಇರಬೇಕು. ಹೌದು, ಬೆಲ್ಟಿಗೂ ಸೀಟಿಗೂ ಎಕ್ಸ್‌ಪೈರಿ ಇದೆ. ನಮ್ಮ ಸೀನಿಯರ್‌ಗಳು ಬಿಟ್ಟುಹೋಗಿದ್ದ ಹಾರ್ನೆಸ್ ಹೊಸದರಂತೆಯೇ ಇತ್ತು. ದಿನಾಂಕ ಮೀರಿತ್ತು, ಎತ್ತಿಟ್ಟೆವು. ನೂಲು ಬಿಸಿಲಿಗೆ, ಬೆವರಿಗೆ ಸವೆಯುತ್ತದೆ. ಸೋಲಾರ್ ಪಾರ್ಕ್ ಪಾವಗಡಕ್ಕೆ ಬಂದದ್ದು ಯಾವ ಬಿಸಿಲಿಗಾಗಿಯೋ ಅದೇ ಬಿಸಿಲಿನಲ್ಲಿ ಕಾರು ದಿನವಿಡೀ ನಿಂತಿರುತ್ತದೆ. ಅಸಲಿ ಸೀಟಿಗೆ ದುಡ್ಡು ಸಾಲದಿದ್ದರೆ ಕಾಯುವುದು ಒಳ್ಳೆಯದು. ಹೆಸರಾಂತ ಕಂಪನಿಯ ಹೆಸರನ್ನು ಹೊಲಿಗೆಯಲ್ಲಿ ಬರೆದ ನಕಲಿ ಸೀಟು ಅಗ್ಗವಲ್ಲ, ದುಡ್ಡು ದಂಡ. ಕಾನೂನಿನ ಮಾತೂ ಇದೆ. ಅನುಮತಿ ಇಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಿದೆ. ಅಪಘಾತವಾದರೆ ವಿಮೆಯವರೂ ಪ್ರಶ್ನೆ ಎತ್ತಬಹುದು.

ಇಷ್ಟೆಲ್ಲ ಹೇಳಿದರೂ ಅಣ್ಣ ಒಪ್ಪಲಿಲ್ಲ. ಕೊನೆಗೆ ಅವನನ್ನು ಸ್ವಲ್ಪ ಯೋಚನೆಗೆ ಹಚ್ಚಿದ್ದು ಬೇರೆಯದೇ ವಿಷಯ. ‘ಹೆಗಲ ಪಟ್ಟಿ ಎಲ್ಲಿಗೆ ಕಟ್ತಾರಣ್ಣ?’ ಎಂದು ಕೇಳಿದೆ. ‘ಹಿಂದಿನ ಸೀಟಿನ ಬೆಲ್ಟಿನ ಬೋಲ್ಟಿಗೆ’ ಅಂದ. ‘ಹಾಗಾದ್ರೆ ಅಜ್ಜಿಗೆ?’

ಅಜ್ಜಿ, ದೊಡ್ಡಮ್ಮ, ಪಾವಗಡಕ್ಕೆ ಕಾಲೇಜಿಗೆ ಹೋಗುವ ಅವನ ತಂಗಿ ಕೂರುವುದು ಹಿಂದಿನ ಸೀಟಿನಲ್ಲಿ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ಸೇತುವೆಗೆ ಗುದ್ದಿತಲ್ಲ, ಅಷ್ಟು ದುಬಾರಿ ಕಾರಿನಲ್ಲಿ ಮುಂದಿನ ಇಬ್ಬರು ಬದುಕಿದರು, ಹಿಂದಿನ ಇಬ್ಬರು ಸತ್ತರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ಅದೇ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ, ಅವರಲ್ಲಿ ಹತ್ತಿರ ಹತ್ತಿರ ಅರ್ಧ, ಅಂದರೆ 8,331 ಮಂದಿ ಪ್ರಯಾಣಿಕರು. ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂಬುದು ಹಳೆಯ ನಿಯಮ. ನಾವೋ ಬೀಪ್ ಶಬ್ದ ನಿಲ್ಲಿಸಲು ಬಕಲ್ಲಿಗೆ ಸಿಕ್ಕಿಸುವ ಕ್ಲಿಪ್ ಕೊಳ್ಳುವ ಜನ. 2023ರ ಮೇನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟ ಮೇಲೆ 13,118 ಕಡೆಯಿಂದ ಅವನ್ನು ತೆಗೆಸಬೇಕಾಯಿತು. ಅಷ್ಟು ಮಾರಾಟಕ್ಕಿತ್ತು ಎಂದರೆ ಕೊಳ್ಳುವವರೂ ಇದ್ದರು ಅಂತ ತಾನೇ.

ಅಣ್ಣನ ಕಾರಿನ ಹಿಂದಿನ ಬಾಗಿಲು ತೆಗೆದೆವು. ಬಕಲ್ಲೇ ಕಾಣಲಿಲ್ಲ. ಹಳೆಯ ಮಾಲೀಕ ಹಾಕಿಸಿದ್ದ ಸೀಟ್ ಕವರಿನ ಕೆಳಗೆ ಮೂರೂ ಹೂತುಹೋಗಿದ್ದವು. ಬ್ಲೇಡು ತಂದು ಹೊಲಿಗೆ ಬಿಚ್ಚಿ, ಕೈ ತೂರಿಸಿ ಒಂದೊಂದನ್ನೇ ಮೇಲೆ ತೆಗೆದೆವು. ಒಂದರೊಳಗೆ ಕಡಲೆಕಾಯಿ ಸಿಪ್ಪೆ ಸಿಕ್ಕಿಕೊಂಡಿತ್ತು. ಪಟ್ಟಿಗಳನ್ನು ಪೂರ್ತಿ ಎಳೆದು ಅಂಚು ಕಿತ್ತಿದೆಯೇ ನೋಡಿದೆವು, ಜಗ್ಗಿ ನೋಡಿದೆವು. ಎಡಗಡೆಯದು ಕಚ್ಚಲಿಲ್ಲ. ಅದನ್ನು ಬದಲಿಸಲೇಬೇಕು. ಕಂಪನಿಯದೇ ಹೊಸದು ಹಾಕಿಸು, ಮುಂದಿನ ಎರಡು ಟೈರು ನುಣ್ಣಗಾಗಿವೆ, ಅವನ್ನೂ ಬದಲಿಸು, ಇಪ್ಪತ್ತೆಂಟು ಸಾವಿರದಲ್ಲಿ ಇನ್ನೂ ದುಡ್ಡು ಮಿಗುತ್ತೆ ಎಂದೆ. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಕೆಟ್ ಸೀಟಿನ ಚಿತ್ರ ಅವನ ಮೊಬೈಲಿನಲ್ಲಿ ಇನ್ನೂ ಇದೆ.

ಸಂಜೆ ತೇರು ನೋಡಲು ಹೊರಟಾಗ ಅಜ್ಜಿಯನ್ನು ಬಲಗಡೆ ಕೂರಿಸಿ ಬೆಲ್ಟ್ ಹಾಕಿದೆ. ‘ಇದೇನೇ, ಕರುಗೆ ಕಣ್ಣಿ ಕಟ್ಟಿದಂಗೆ’ ಎಂದು ಬೈದಳು. ಗುಡಿ ಹತ್ತಿರ ಬಂದ ಮೇಲೆ ಬಿಚ್ಚುವುದು ಹೇಗೆಂದು ತಿಳಿಯದೆ ಕೂತೇ ಇದ್ದಳು. ಕೆಂಪು ಗುಂಡಿ ಒತ್ತುವುದನ್ನು ಎರಡು ಸಲ ತೋರಿಸಿಕೊಟ್ಟೆ. ವಾಪಸ್ ಬರುವಾಗ ತಾನೇ ಹಾಕಿಕೊಂಡಳು.