ಚಪ್ಪಲಿ ಸವದ್ವು, ನಾ ಸವೀಲಿಲ್ಲ!

ನಮ್ಮ ಹುಬ್ಬಳ್ಳಿ ಕಡೆ ಒಂದು ಕಾಲಕ್ಕೆ ಯಾರಾದರೂ ತೆಳ್ಳಗಾದರೆ ಜನ ಗಾಬರಿಯಾಗುತ್ತಿದ್ದರು. "ಯಾಕವಾ, ಭಾಳ ಸೊರಗೀಯಲ್ಲ, ಮೈಯಾಗ ಆರಾಮ ಇಲ್ಲೇನು?" ಅಂತ ಕೇಳುತ್ತಿದ್ದರು. ಈಗ ಅದೇ ಸೊರಗಿದ್ದಕ್ಕೆ ಅಭಿನಂದನೆ! ಮದುವೆ ಮನೆಗಳಲ್ಲಿ ನೋಡಿ. "ಅಯ್ಯ, ಎಷ್ಟ ತೆಳ್ಳಗಾಗೀರ್ರಿ! ಏನ್ ಮಾಡಿದ್ರಿ, ನಮಗೂ ಸ್ವಲ್ಪ ಹೇಳ್ರಲ್ಲ" ಅಂತ ನಾಲ್ಕು ಜನ ಮುತ್ತಿಕೊಳ್ಳುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ಜಾಣತನದ್ದು ಅಂತ ನನ್ನನ್ನು ಕೇಳಿದರೆ, ನಾನು ಹಳೆಯದಕ್ಕೇ ಓಟು ಹಾಕುತ್ತೇನೆ.

ಕಾರಣ ಇದೆ. ನಮ್ಮ ಓಣಿಯ ಒಬ್ಬ ಅಕ್ಕ ಎರಡೇ ತಿಂಗಳಲ್ಲಿ ಆರೇಳು ಕಿಲೋ ಇಳಿದರು. ಊಟ ಬಿಟ್ಟಿರಲಿಲ್ಲ, ವಾಕಿಂಗ್ ಮಾಡಿರಲಿಲ್ಲ. ಆದರೂ ಓಣಿಯಲ್ಲೆಲ್ಲ ಹೊಗಳಿಕೆಯೋ ಹೊಗಳಿಕೆ. ಆಮೇಲೆ ವಿಪರೀತ ನೀರಡಿಕೆ, ರಾತ್ರಿ ನಾಲ್ಕೈದು ಸಲ ಏಳೋದು ಶುರುವಾಗಿ, ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 400 ದಾಟಿತ್ತು. ಇನ್ಸುಲಿನ್ ಕೈಕೊಟ್ಟಾಗ ತಿಂದ ಸಕ್ಕರೆ ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತದೆ. ಆಗ ದೇಹ ತನ್ನದೇ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿ ದಿನ ದೂಡುತ್ತದೆ. ಅಂದರೆ ಓಣಿಯೆಲ್ಲ ಸೇರಿ ಎರಡು ತಿಂಗಳು ಹೊಗಳಿದ್ದು ಆಕೆಯ ಕಾಯಿಲೆಯನ್ನು! ಕ್ಷಯ ರೋಗದಲ್ಲೂ ಮನುಷ್ಯ ಹೀಗೇ ಇಳಿಯುತ್ತಾನೆ. ತೂಕದ ಮಷೀನಿಗೆ ಇಳಿದದ್ದು ಮಾತ್ರ ಗೊತ್ತು. ಇಳಿದು ಹೋದದ್ದು ಏನು ಅಂತ ಅದಕ್ಕೆ ಗೊತ್ತಿಲ್ಲ.

ಇನ್ನು ಇದರ ಉಲ್ಟಾ ಕತೆ, ನಮ್ಮ ಅವ್ವನದು. ಅವ್ವನಿಗೆ ಅರವತ್ತೆರಡು, ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷ. ಡಾಕ್ಟರು ಹೇಳಿದರಂತ ದಿನಾ ಬೆಳಿಗ್ಗೆ ಇಂದಿರಾ ಗಾಜಿನ ಮನೆ ಉದ್ಯಾನದಲ್ಲಿ ಗೆಳತಿಯರ ಜೊತೆ ತಿರುಗಾಡೋಕೆ ಶುರು ಮಾಡಿದಳು. ಬೆಂಗಳೂರಿನಿಂದ ಬಂದ ತಮ್ಮ ಒಂದು ಡಿಜಿಟಲ್ ತೂಕದ ಮಷೀನು ತಂದಿಟ್ಟು ಹೋದ. ಅಲ್ಲಿಂದ ಶುರುವಾಯಿತು ನೋಡಿ ಪೂಜೆ. ಮುಖ ತೊಳೆದ ಕೂಡಲೇ ಅದರ ಮೇಲೆ ಹತ್ತೋದು, ಕ್ಯಾಲೆಂಡರಿನ ಮೇಲೆ ಬರೆಯೋದು. ಮೊದಲ ದಿನ 71.4. ನಾಲ್ಕು ತಿಂಗಳಾದ ಮೇಲೆ 71.1!

"ನಾಕ್ ತಿಂಗಳಾತು ತಿರಗಾಕ ಹತ್ತಿ. ಚಪ್ಪಲಿ ಸವದ್ವು, ನಾ ಸವೀಲಿಲ್ಲ. ನಾಳೆಯಿಂದ ಹೋಗಂಗಿಲ್ಲ ನಾ" ಅಂದಳು ಅವ್ವ.

ನಕ್ಕುಬಿಟ್ಟೆ ನಿಜ. ಆದರೆ ಇದು ನಗುವ ಮಾತಲ್ಲ. ಎಷ್ಟು ಜನ ಹೀಗೇ ಬಿಟ್ಟುಬಿಡುತ್ತಾರೋ! ಯಾಕೆಂದರೆ ಆ ನಾಲ್ಕು ತಿಂಗಳಲ್ಲಿ ಅವ್ವನಿಗೆ ಬೇರೆ ಏನೇನು ಆಗಿತ್ತು ಕೇಳಿ. ಗುಳಿಗೆ ಅವೇ ಇದ್ದವು, ಆದರೆ ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 7.9ರಿಂದ 7.2ಕ್ಕೆ ಬಂದಿತ್ತು. ಸೊಂಟದ ಸುತ್ತಳತೆ ಎರಡು ಇಂಚು ಕಡಿಮೆಯಾಗಿತ್ತು. ಮೊದಲು ದುರ್ಗದಬೈಲಿಗೆ ಸಂತಿಗೆ ಹೋದರೆ, ಚೀಲ ಹಿಡಿದು ಆಟೋ ಸಿಗುವ ತನಕ ಬರುವುದರೊಳಗೆ ಎರಡು ಕಡೆ ಅಂಗಡಿ ಕಟ್ಟೆ ಹುಡುಕಿ ಕೂಡುತ್ತಿದ್ದಳು. ಈಗ ಎರಡೂ ಕೈಯಲ್ಲಿ ಚೀಲ ಹಿಡಿದು, ಆ ಗದ್ದಲದಲ್ಲಿ ಬೈಕುಗಳಿಗೆ ಬೈಯುತ್ತಾ, ನನಗಿಂತ ಮುಂದೆ ಹೋಗುತ್ತಿದ್ದಳು. ಉಸಿರು ಉಳಿದಿದ್ದಕ್ಕೇ ಅಲ್ಲವೇ ಬೈಗುಳ ಬರೋದು :-)

ಇಷ್ಟೆಲ್ಲ ಗೆದ್ದವಳು ತನ್ನನ್ನು ಸೋತವಳು ಅಂತ ತಿಳಿದುಕೊಂಡಿದ್ದಳು. ಒಂದು ಮಷೀನಿನ ಮಾತು ಕೇಳಿ.

ಈ ಮಷೀನಿಗೆ ಇಷ್ಟು ಅಧಿಕಾರ ಕೊಟ್ಟವರು ಯಾರು? ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ, ಈಗ ಎಲ್ಲರ ಬಾಯಲ್ಲಿರುವ ಬಿಎಂಐ, ಹುಟ್ಟಿದ್ದು 19ನೇ ಶತಮಾನದಲ್ಲಿ. ಮಾಡಿದವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವನು ವೈದ್ಯನಲ್ಲ. ಖಗೋಳ ಮತ್ತು ಅಂಕಿಸಂಖ್ಯೆಯ ಮನುಷ್ಯ, ಸಾವಿರಾರು ಜನರ ಸರಾಸರಿ ಹುಡುಕುತ್ತಿದ್ದವನು. ಬಿಎಂಐ ಅಂತ ಹೆಸರಿಟ್ಟು ಅದನ್ನು ಜನಪ್ರಿಯ ಮಾಡಿದ್ದು ಆನ್ಸೆಲ್ ಕೀಸ್, 1972ರಲ್ಲಿ. ಗುಂಪಿನ ಲೆಕ್ಕಕ್ಕೆ ಅದು ಸರಿ. ನಮ್ಮ ಅವ್ವನ ಲೆಕ್ಕಕ್ಕೆ ಅದೊಂದೇ ಸಾಲದು.

ಯಾಕೆ ಸಾಲದು ಅನ್ನೋದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ನಮ್ಮ ಪಕ್ಕದ ಪುಣೆಯದೇ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಕೊಂಡು ಒಂದು ಪುಟ್ಟ ಲೇಖನ ಬರೆದರು. ಇಬ್ಬರದೂ ಬಿಎಂಐ ಒಂದೇ, 22.3. ನೋಡೋಕೂ ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪ್ರತಿಶತ, ಯಾಜ್ಞಿಕ್ ಮೈಯಲ್ಲಿ 21.2 ಪ್ರತಿಶತ! ತೂಕದ ಮಷೀನಿಗೆ ಇಬ್ಬರೂ ಒಂದೇ. ನಮ್ಮ ದೇಶದ ಎಷ್ಟೋ ಜನ ಹೀಗೇ, ಹೊರಗೆ ತೆಳ್ಳಗೆ, ಒಳಗೆ ದಪ್ಪ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ.

ಐಸಿಎಂಆರ್ ದೇಶದಾದ್ಯಂತ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತಲ್ಲ, ಅದರಲ್ಲೂ ಇದೇ ಕಾಣುತ್ತದೆ. ಬಿಎಂಐ ಪ್ರಕಾರ ಬೊಜ್ಜಿನವರು 28.6 ಪ್ರತಿಶತ. ಸೊಂಟದ ಅಳತೆಯ ಪ್ರಕಾರ ಹೊಟ್ಟೆಯ ಬೊಜ್ಜಿನವರು 39.5 ಪ್ರತಿಶತ. ಟೇಪಿಗೆ ಕಂಡವರು ಎಷ್ಟೋ ಜನ ಮಷೀನಿಗೆ ಕಂಡಿಲ್ಲ. ಆದ್ದರಿಂದ ಸಾವಿರ ರೂಪಾಯಿ ಮಷೀನಿಗಿಂತ ದುರ್ಗದಬೈಲಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ಟೇಲರ್ ಟೇಪು ಹೆಚ್ಚು ಸತ್ಯ ಹೇಳುತ್ತದೆ ಅಂತ ನನ್ನ ವಾದ. ಭಾರತೀಯರಿಗೆ ಇಟ್ಟ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅಂದರೆ ಹೆಚ್ಚೂಕಡಿಮೆ ಮೂವತ್ತೈದೂವರೆ ಇಂಚು, ಮೂವತ್ತೊಂದೂವರೆ ಇಂಚು. 2025ರ ಜನವರಿಯಲ್ಲಿ 'ಲ್ಯಾನ್ಸೆಟ್' ಬಳಗದ ಪತ್ರಿಕೆಯೊಂದರ ಅಂತರರಾಷ್ಟ್ರೀಯ ತಜ್ಞರ ಆಯೋಗವೂ ಬಿಎಂಐ ಒಂದನ್ನೇ ನಂಬಬೇಡಿ, ಸೊಂಟದಂಥ ಇನ್ನೊಂದು ಅಳತೆಯನ್ನೂ ನೋಡಿ ಅಂತಲೇ ಹೇಳಿತು.

"ಆತು, ತೂಕ ಇಳೀದಿದ್ರೂ ತಿರಗಾಡಿದ್ದಕ್ಕ ಏನರೆ ಫಾಯದೆ ಐತೇನು?" ಅಂತ ನೀವು ಕೇಳಬಹುದು. ಅವ್ವನೂ ಕೇಳಿದಳು. ಉತ್ತರ ಚೆನ್ನೈನಲ್ಲಿದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮೂರು ವರ್ಷ ಗಮನಿಸಿದರು. ಫಲಿತಾಂಶ ಪ್ರಕಟವಾದದ್ದು 2006ರಲ್ಲಿ. ಯಾವ ವಿಶೇಷ ಸಲಹೆಯೂ ಇಲ್ಲದ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ನಡಿಗೆ ಮತ್ತು ಊಟದ ಶಿಸ್ತು ಹೇಳಿಕೊಟ್ಟ ಗುಂಪಿನಲ್ಲಿ 39 ಜನರಿಗೆ. ಮಜಾ ಏನೆಂದರೆ, ಈ ಎರಡನೇ ಗುಂಪಿನಲ್ಲಿ ಹೇಳಿಕೊಳ್ಳುವಂಥ ತೂಕವೇ ಇಳಿದಿರಲಿಲ್ಲ! ಅವರ ಕೈಗೆ ಮಷೀನು ಒಂದನ್ನೇ ಕೊಟ್ಟಿದ್ದರೆ, "ಏನೂ ಉಪಯೋಗ ಆಗ್ಲಿಲ್ರಿ" ಅಂತ ಅರ್ಧ ಜನ ಆರು ತಿಂಗಳಲ್ಲೇ ಮನೆಗೆ ಹೋಗುತ್ತಿದ್ದರೋ ಏನೋ.

ಇನ್ನು ದಿನಾ ತೂಗುವವರ ಪಾಡು. ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ಟು, ಮಿರ್ಚಿ ಭಜಿ ತಿಂದು ಮೇಲೆ ಚೊಂಬು ನೀರು ಕುಡಿದು ಮಲಗಿ. ಬೆಳಿಗ್ಗೆ ಮುಳ್ಳು ಒಂದು ಕಿಲೋ ಮೇಲೆ. ಅದು ಕೊಬ್ಬಲ್ಲ ಮಹರಾಯರೇ, ಉಪ್ಪು ಹಿಡಿದಿಟ್ಟುಕೊಂಡ ನೀರು. ಹಿಂದೆ ರೈಲ್ವೆ ಸ್ಟೇಶನ್ನುಗಳಲ್ಲಿ ಬಣ್ಣದ ದೀಪ ತಿರುಗುವ ತೂಕದ ಮಷೀನು ಇರುತ್ತಿದ್ದವು, ನೆನಪಿದೆಯಾ? ನಾಣ್ಯ ಹಾಕಿದರೆ ರಟ್ಟಿನ ಚೀಟಿ ಬರುತ್ತಿತ್ತು, ಅದರ ಮೇಲೆ ತೂಕ, ಜೊತೆಗೆ ಭವಿಷ್ಯ. ಒಂದೇ ದಿನದ ತೂಕಕ್ಕೂ ಆ ಭವಿಷ್ಯಕ್ಕೂ ನಾನಂತೂ ಸಮನಾದ ಬೆಲೆ ಕೊಡುತ್ತೇನೆ :-)

ಹಾಗಾದರೆ ಅಳೆಯೋದು ಏನನ್ನು? ಇದಕ್ಕೆ ನಮ್ಮ ಕಡೆಯ ಹಳೆಯ ಲೆಕ್ಕವೇ ಚೆಂದ. ದುರ್ಗದಬೈಲಿನಲ್ಲಿ ತಕ್ಕಡಿಗೆ ಬೀಳೋದು ಬದನೆಕಾಯಿ, ಉಳ್ಳಾಗಡ್ಡಿ. ತೂಗುವ ಅಜ್ಜಿಯನ್ನು ಯಾರೂ ತೂಗೋದಿಲ್ಲ. ಆಕೆ ದಿನಕ್ಕೆ ಎಷ್ಟು ಸಲ ಕೂತು ಏಳುತ್ತಾಳೆ, ತುಂಬಿದ ಬುಟ್ಟಿಯನ್ನು ಹೇಗೆ ತಲೆಗೇರಿಸುತ್ತಾಳೆ, ಅದು ಆಕೆಯ ಆರೋಗ್ಯ. ತೂಕ ಮಾಲಿನ ಅಳತೆ. ಮೈಯ ಅಳತೆ ಅದು ಮಾಡುವ ಕೆಲಸ. ಗರಡಿ ಮನೆಯಲ್ಲೂ ಎಣಿಸುತ್ತಿದ್ದದ್ದು ದಂಡ, ಬೈಠಕ್. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವನಿಗೆ ಬೆಳ್ಳಿ ಕಡಗ ಹಾಕುವಾಗ, "ನಿನ್ನ ತೂಕೆಷ್ಟಪಾ?" ಅಂತ ಯಾರೂ ಕೇಳುವುದಿಲ್ಲ.

ವಿಜ್ಞಾನವೂ ಈಗ ಅಲ್ಲಿಗೇ ಬಂದಿದೆ. 17 ದೇಶಗಳ ಸುಮಾರು 1,40,000 ಜನರ ಮುಷ್ಟಿಯ ಬಿಗಿ ಅಳೆದ 'ಪ್ಯೂರ್' ಅಧ್ಯಯನ 2015ರಲ್ಲಿ ಬಂತು. ಅದರಲ್ಲಿ ಭಾರತವೂ ಇತ್ತು. ಯಾರು ಬೇಗ ಸಾಯಬಹುದು ಅನ್ನೋದನ್ನು ರಕ್ತದೊತ್ತಡಕ್ಕಿಂತ ಮುಷ್ಟಿಯ ಬಿಗಿಯೇ ಚೆನ್ನಾಗಿ ಹೇಳಿತಂತೆ. 2012ರಲ್ಲಿ ಬ್ರೆಜಿಲ್ಲಿನ ಡಾ. ಕ್ಲಾಡಿಯೋ ಗಿಲ್ ಅರೌಜೋ ತಂಡ 51ರಿಂದ 80 ವಯಸ್ಸಿನವರನ್ನು ನೆಲಕ್ಕೆ ಕೂತು ಏಳಿಸಿತು. ಹತ್ತು ಅಂಕ, ಕೈ ಅಥವಾ ಮೊಣಕಾಲು ಊರಿದರೆ ಪ್ರತಿ ಸಲ ಒಂದೊಂದು ಅಂಕ ಕಟ್. ಮೂರು ಮತ್ತು ಅದಕ್ಕಿಂತ ಕಡಿಮೆ ಅಂಕದವರಲ್ಲಿ, ಎಂಟು ಮತ್ತು ಅದಕ್ಕಿಂತ ಹೆಚ್ಚು ಅಂಕದವರಿಗೆ ಹೋಲಿಸಿದರೆ, ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಐದು ಪಟ್ಟಿಗೂ ಹೆಚ್ಚು. ಸಿದ್ಧಾರೂಢ ಮಠದಲ್ಲಿ ಪ್ರಸಾದಕ್ಕೆ ನೆಲದ ಮೇಲೆ ಕೂತು ಕೈ ಊರದೆ ಏಳುವ ಮುದುಕರನ್ನು ನೋಡಿದಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. (ಮೊಣಕಾಲು ನೋವಿರುವವರು ಒಬ್ಬರೇ ಇದನ್ನು ಪ್ರಯತ್ನಿಸಬೇಡಿ, ಜೊತೆಗೆ ಯಾರಾದರೂ ಇರಲಿ.)

ನಮ್ಮೂರಲ್ಲೇ ಇಂಥ ಅಳತೆಗೋಲು ಬೇಕಾದಷ್ಟಿವೆ. ನೃಪತುಂಗ ಬೆಟ್ಟ ಹತ್ತುವಾಗ ಎಷ್ಟು ಸಲ ನಿಂತಿರಿ? ನಮ್ಮ ಸ್ಟೇಶನ್ನಿನ ಎಂಟನೇ ಪ್ಲಾಟ್‌ಫಾರ್ಮ್, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದದ್ದು, 1507 ಮೀಟರ್ ಉದ್ದ, ಜಗತ್ತಿಗೇ ದೊಡ್ಡದು. ಬೆಂಚು ಹುಡುಕದೆ ಈ ತುದಿಯಿಂದ ಆ ತುದಿಗೆ ಹೋದಿರಾ? ಪರಕಾರದ ಲಾಡಿ ಎಷ್ಟು ಉಳಿಯಿತು, ಬೆಲ್ಟಿನ ಯಾವ ತೂತಿಗೆ ಬಂದಿರಿ, ರಾತ್ರಿ ನಿದ್ದೆ ಹೇಗೆ, ಮೊಮ್ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಿರಾ? ಇವೆಲ್ಲ ಲೆಕ್ಕಕ್ಕೆ ಬರಬೇಕಾದ ಗೆಲುವುಗಳು.

ತೂಕ ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಕೂಸಿನ ಬೆಳವಣಿಗೆಗೆ, ಬಸುರಿಯರಿಗೆ ತೂಕ ಬೇಕು. ಹೃದಯ ಸೋತವರಲ್ಲಿ ಎರಡು ದಿನದಲ್ಲಿ ಏರಿದ ತೂಕ ನೀರು ತುಂಬುತ್ತಿರುವ ಎಚ್ಚರಿಕೆ. ವಿಪರೀತ ಭಾರಕ್ಕೆ ಮೊಣಕಾಲು ಸೋಲುವುದೂ ಸುಳ್ಳಲ್ಲ. ಆದರೆ ತೂಕ ಹತ್ತು ಸಾಕ್ಷಿಗಳಲ್ಲಿ ಒಂದು, ನ್ಯಾಯಾಧೀಶ ಅಲ್ಲ. 2025ರಿಂದ ತೂಕ ಇಳಿಸುವ ಹೊಸ ಇಂಜೆಕ್ಷನ್ನುಗಳೂ ನಮ್ಮ ದೇಶದಲ್ಲಿ ಸಿಗುತ್ತಿವೆ. ಅಗತ್ಯ ಇದ್ದವರಿಗೆ ಅವು ದೊಡ್ಡ ಸಹಾಯವೇ. ಆದರೆ ಅವುಗಳಿಂದ ಇಳಿಯುವ ತೂಕದಲ್ಲಿ ಮಾಂಸಖಂಡದ ಪಾಲೂ ಇರುತ್ತದೆ. ಆದ್ದರಿಂದ "ಎಷ್ಟು ಇಳಿದಿರಿ?" ಅನ್ನೋದಕ್ಕಿಂತ "ಎಷ್ಟು ಬಲ ಉಳಿಯಿತು?" ಅಂತ ಕೇಳೋದು ಮುಂದೆ ಇನ್ನೂ ಮುಖ್ಯವಾಗುತ್ತದೆ.

ಕೊನೆಗೆ ಅವ್ವನನ್ನು ಒಪ್ಪಿಸಿದ್ದು ಲ್ಯಾನ್ಸೆಟ್ಟೂ ಅಲ್ಲ, ಚೆನ್ನೈನ ಲೆಕ್ಕವೂ ಅಲ್ಲ. ಹಳೆಯ ಮತ್ತು ಹೊಸ ರಕ್ತ ಪರೀಕ್ಷೆಯ ಚೀಟಿಗಳನ್ನು ಪಕ್ಕ ಪಕ್ಕ ಇಟ್ಟು, "ಇದನ್ನ ಇಳಿಸಿದ್ದು ಯಾರು?" ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿದಳು. "ನಾನ ಅಲ್ಲೇನು" ಅಂದಳು. ಈ ಗೆಲುವಿಗೆ ಧಾರವಾಡ ಪೇಢೆ ಹಂಚುವ ಹಾಗಿಲ್ಲವಲ್ಲ, ಸಕ್ಕರೆ ಇಳಿದ ಸಂಭ್ರಮಕ್ಕೆ ಸಕ್ಕರೆಯೇ! ದುರ್ಗದಬೈಲಿಗೆ ಹೋಗಿ ಹೊಸ ಚಪ್ಪಲಿ ತಂದೆವು. ತೂಕದ ಮಷೀನು ಈಗ ಮಂಚದ ಕೆಳಗಿದೆ, ತಿಂಗಳಿಗೊಮ್ಮೆ ಹೊರಗೆ ಬರುತ್ತದೆ. ಕ್ಯಾಲೆಂಡರಿನ ಮೇಲೆ ಈಗ ಬರೆಯೋದು ಎಷ್ಟು ಸುತ್ತು ಹಾಕಿದೆ ಅನ್ನೋದನ್ನ.

ಸಂಭ್ರಮ ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ಅರವತ್ತು ದಾಟಿದ ಹೆಂಗಸಿಗೆ "ಛಲೋ ಮಾಡೀದಿ" ಅಂತ ಹೇಳುವವರು ಮನೆಯಲ್ಲಿ ಎಷ್ಟು ಜನ ಇರುತ್ತಾರೆ ಹೇಳಿ? ಆ ಒಂದು ಮಾತು ಸಿಕ್ಕರೆ ನಾಳೆ ಬೆಳಿಗ್ಗೆಯೂ ಆಕೆ ಎದ್ದು ಹೋಗುತ್ತಾಳೆ. ನಾಳೆಯೂ ಎದ್ದು ಹೋಗುವುದೇ ಇದರಲ್ಲಿ ಔಷಧ.

ಇನ್ನು ಮೇಲೆ ಯಾರಾದರೂ ತೆಳ್ಳಗೆ ಕಂಡರೆ ಹೊಗಳುವ ಮೊದಲು "ಆರಾಮ ಇದ್ದೀರೇನ್ರಿ?" ಅಂತ ಕೇಳೋಣ. ಯಾರಾದರೂ ಮೆಟ್ಟಿಲ ಮೇಲೆ ನಿಲ್ಲದೆ ಹತ್ತಿದರೆ, ಅದನ್ನು ಗಮನಿಸಿ ಬಾಯಿ ಬಿಟ್ಟು ಹೊಗಳೋಣ. ನಿಮ್ಮ ಮನೆಯಲ್ಲಿ ತೂಕದ ಮಷೀನಿಗೆ ಕಾಣದ ಗೆಲುವು ಯಾವುದಿದೆ? ಪುರುಸೊತ್ತು ಮಾಡಿಕೊಂಡು ತಿಳಿಸಿ, ಅವ್ವನಿಗೆ ಓದಿ ಹೇಳುತ್ತೇನೆ.