ಪುಣ್ಯವಂತರು ಯಾರು?

ಮಳೆಗಾಲದ ಭಾನುವಾರಗಳಂದು ಬೆಳಗಾವಿಯಿಂದ ಜಾಂಬೋಟಿಯ ಕಡೆಗೆ ಸಾಗುವ ವಾಹನಗಳ ಸಾಲನ್ನು ನಾವೆಲ್ಲರೂ ಕಂಡಿದ್ದೇವೆ. ಕಣಕುಂಬಿಯ ಮಂಜು, ಚೋರ್ಲಾ ಘಟ್ಟದ ಝರಿಗಳು, ಗದ್ದೆಯಂಚಿನ ಹೆಂಚಿನ ಮನೆ, ಇವುಗಳ ಚಿತ್ರ ತೆಗೆದುಕೊಂಡು ಸಂಜೆಗೆ ನಗರ ಸೇರುವವರು ಆ ಮನೆಯವರ ಕುರಿತು ಆಡುವುದು ಒಂದೇ ಮಾತು: 'ಇವರೇ ಪುಣ್ಯವಂತರು.' ಒಡೆದ ಬಾಟಲಿಗಳನ್ನೂ ಪ್ಲಾಸ್ಟಿಕ್ ತಟ್ಟೆಗಳನ್ನೂ ಆ ಪುಣ್ಯವಂತರ ಬಾಗಿಲಲ್ಲಿ ಬಿಟ್ಟು ಹೋಗುವವರೂ ಇವರಲ್ಲಿಯೇ ಇದ್ದಾರೆ.

ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ಖಾನಾಪುರದ ಕಾಡಿನೊಳಗೆ ಬಾಳುವವರಿಗೆ ಆ ದೂರವಿಲ್ಲ. ಭತ್ತ ತೆನೆಗಟ್ಟುವ ಕಾಲಕ್ಕೆ ಅಟ್ಟಣೆಯ ಮೇಲೆ ಕುಳಿತು, ಕಾಡುಕೋಣಗಳನ್ನು ಓಡಿಸಲು ರಾತ್ರಿಯಿಡೀ ಡಬ್ಬಿ ಬಡಿಯುವ ರೈತ ಕಾಡನ್ನು ಶಪಿಸುತ್ತಾನೆ. ಆದರೆ ದೇವರ ಕಾಡಿನ ಒಂದು ಟೊಂಗೆಯನ್ನೂ ಅವನು ಮುರಿಯಲಾರ. ಮಗ ಗೋವೆಗೋ ಪುಣೆಗೋ ಹೋಗಿ ದುಡಿಯಲಿ, ಈ ಕಷ್ಟ ತನ್ನ ತಲೆಗೇ ಮುಗಿಯಲಿ ಎನ್ನುವ ತಾಯಿಯೇ, ಚೌತಿಗೆ ಅವನು ಊರಿಗೆ ಬಾರದಿದ್ದರೆ ಕಣ್ಣೀರಿಡುತ್ತಾಳೆ. ಈ ಎರಡು ಮನಸ್ಸನ್ನು ಅಜ್ಞಾನವೆಂದೂ ಗೊಂದಲವೆಂದೂ ತಳ್ಳಿಹಾಕುವವರಿದ್ದಾರೆ. ನಮಗೆ ಅದು ಗೊಂದಲವಾಗಿ ಕಾಣುವುದಿಲ್ಲ. ಬೆಟ್ಟವನ್ನು ಪ್ರೀತಿಸುವವರೂ ಬೆಟ್ಟದ ಬಾಳಿನಿಂದ ದಣಿಯುತ್ತಾರೆ. ಈ ನಿಜವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವವರು ಇಲ್ಲದಿರುವುದೇ ನಮ್ಮ ಆಕ್ಷೇಪ.

2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದು ಆಗಲೇಬೇಕಾಗಿದ್ದ ಕೆಲಸ. ಮಹದಾಯಿ ಹುಟ್ಟುವುದು ಈ ಸೀಮೆಯಲ್ಲಿ. 1913ರಲ್ಲಿ ವಿಜ್ಞಾನಕ್ಕೆ ಪರಿಚಿತವಾದ ರಾಟನ್ ಬಾವಲಿಯ ನೆಲೆಯಾದ ಬಾರಾಪೇಡೆ ಗುಹೆಗಳೂ ಇಲ್ಲಿಯೇ ಇವೆ. ಆದರೆ ಇದೇ ಕಾಡಿನಲ್ಲಿ ಗವಾಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವ, ತಳೇವಾಡಿಯಂತಹ ಊರುಗಳೂ ಇವೆ. 2024ರ ಜುಲೈನಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಚಟ್ಟದಂತಹ ಮಂಚದ ಮೇಲೆ ಹೊತ್ತು, ಸುರಿವ ಮಳೆಯಲ್ಲಿ ಕಿಲೋಮೀಟರುಗಟ್ಟಲೆ ನಡೆದರು. ಆಂಬುಲೆನ್ಸ್ ಊರಿನ ತನಕ ಬರುವಂತಿರಲಿಲ್ಲ.

ಅದರ ಮರುವರ್ಷ, 2025ರ ಮೇ ತಿಂಗಳಲ್ಲಿ, ತಳೇವಾಡಿಯ 27 ಕುಟುಂಬಗಳಿಗೆ ಕಾಡು ಬಿಟ್ಟು ಹೊರಬರಲು ಮೊದಲ ಕಂತಿನ ಚೆಕ್‌ಗಳನ್ನು ನೀಡಲಾಯಿತು. ಕುಟುಂಬಕ್ಕೆ ಒಟ್ಟು 15 ಲಕ್ಷ ರೂಪಾಯಿ. ಇದು 'ಸ್ವಯಂಪ್ರೇರಿತ ಸ್ಥಳಾಂತರ' ಎನ್ನುತ್ತದೆ ಸರಕಾರ. ಹೊರಟವರನ್ನು ದೂರುವ ಹಕ್ಕು ನಮಗಾರಿಗೂ ಇಲ್ಲ. ಮಕ್ಕಳ ಓದಿಗಾಗಿ, ಮುದುಕರ ಔಷಧಕ್ಕಾಗಿ ಹೊರಟವರು ಅವರು. ನಮ್ಮ ಪ್ರಶ್ನೆ ಸರಕಾರಕ್ಕೆ. ತಲೆಮಾರುಗಳ ಕಾಲ ದಾರಿಯನ್ನೂ ವೈದ್ಯರನ್ನೂ ಕೊಡದೆ, ಬೇಸತ್ತವರು ಹೊರಡಲು ಒಪ್ಪಿದಾಗ ಅದನ್ನು ಸ್ವಂತ ಇಚ್ಛೆ ಎನ್ನಬಹುದೆ? ಉಳಿಯುವ ಅವಕಾಶವೂ ಇದ್ದಾಗ ಮಾತ್ರ ಹೊರಡುವ ಇಚ್ಛೆಗೆ ಅರ್ಥವಿದೆ.

ಆ ಅವಕಾಶ ಕಾನೂನಿನಲ್ಲಿ ಇಲ್ಲದೆ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅಭಯಾರಣ್ಯಗಳನ್ನೂ ಒಳಗೊಂಡಿದೆ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ಔಷಧಾಲಯ, ಕುಡಿಯುವ ನೀರು, ರಸ್ತೆ ಮುಂತಾದವುಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗದಂತೆ, ಹೆಕ್ಟೇರಿಗೆ 75 ಮರಗಳನ್ನು ಮೀರದಂತೆ ಅರಣ್ಯಭೂಮಿ ನೀಡಲು ಅದರಲ್ಲಿ ಅವಕಾಶವಿದೆ. ವನ್ಯಜೀವಿಗಳಿಗಾಗಿ ಜನರನ್ನು ಸ್ಥಳಾಂತರಿಸುವುದಾದರೆ ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕೆಂದೂ, ಹೊಸ ನೆಲೆಯಲ್ಲಿ ಭೂಮಿ ಮತ್ತು ಸೌಲಭ್ಯಗಳು ಸಿದ್ಧವಾಗುವ ತನಕ ಯಾರನ್ನೂ ಕದಲಿಸಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ಹೀಗಿರುವಾಗ 'ಕಾಡಿದೆ, ಆದ್ದರಿಂದ ದಾರಿಯಿಲ್ಲ' ಎಂಬ ಉತ್ತರ ಕೇವಲ ನೆಪ.

ಇನ್ನೊಂದು ಬದಿಯವರ ನೆಪವೂ ಇದಕ್ಕಿಂತ ಉತ್ತಮವಲ್ಲ. 2024ರ ಜುಲೈ 31ರಂದು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಹೊರಬಿತ್ತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹಳ್ಳಿಗರ ಬದುಕೇ ಕಾರಣವೆಂದು ಹೇಳಲಾಯಿತು. ಆದರೆ ಆ ಕರಡು ನಿಷೇಧಿಸುವುದು ಗಣಿಯನ್ನು, ಕಲ್ಲುಕ್ವಾರಿಯನ್ನು, ಮರಳುಗಾರಿಕೆಯನ್ನು, ದೊಡ್ಡ ಬಡಾವಣೆಗಳನ್ನು, ಭತ್ತದ ಗದ್ದೆಯನ್ನಲ್ಲ. ತಿರಸ್ಕಾರದ ಮರುದಿನ ಯಾವ ಹಾಡಿಗೆ ವೈದ್ಯರು ಬಂದರು? ನಮ್ಮ ಅಳಲನ್ನು ಬಾಡಿಗೆಗೆ ಪಡೆದು ಕಾಡು ಕಡಿಯುವವರ ಬಗ್ಗೆ, ಹಳ್ಳಿಯ ಗೆಳೆಯರೆ, ನಾವೇ ಎಚ್ಚರದಿಂದಿರಬೇಕು.

ಬೆಟ್ಟದ ಋಣ ಬಯಲಿನ ಮೇಲಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹುಬ್ಬಳ್ಳಿ-ಧಾರವಾಡದ ದಾಹ ತಣಿಸುತ್ತಾಳೆ. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು. ನೀರಿನ ಪಾಲನ್ನು ಹೀಗೆ ಎರಡು ದಶಾಂಶದವರೆಗೆ ಎಣಿಸಬಲ್ಲವರು, ಆ ನೀರಿನ ತವರಿನಲ್ಲಿ ಬಾಳುವವರ ಪಾಲನ್ನು ಒಮ್ಮೆಯಾದರೂ ಎಣಿಸಿದ್ದಾರೆಯೆ? ಕಳಸಾ ನಾಲೆ ಅಗೆಯಲು ಯಂತ್ರಗಳು ಬೆಟ್ಟ ಹತ್ತುತ್ತವೆ, ರೋಗಿಯನ್ನು ಕರೆದೊಯ್ಯಲು ಆಂಬುಲೆನ್ಸ್ ಹತ್ತುವುದಿಲ್ಲ.

ನಮ್ಮ ಬೇಡಿಕೆ ಸರಳ. ಅರಣ್ಯ ಹಕ್ಕಿನ ಅರ್ಜಿಗಳು ಮೊದಲು ಇತ್ಯರ್ಥವಾಗಲಿ. ಮಳೆಗಾಲದಲ್ಲಿ ಹಳ್ಳ ದಾಟಲು ಗಟ್ಟಿಯಾದ ಕಾಲುಸೇತುವೆ ಬರಲಿ, ವಾರಕ್ಕೊಮ್ಮೆ ವೈದ್ಯರು ಬರಲಿ, ಬೆಳೆಹಾನಿಯ ಪರಿಹಾರ ತಡವಿಲ್ಲದೆ ಕೈಸೇರಲಿ. ಅದಾದ ಮೇಲೆ ಊರು ಕೂಡಿ ನಿರ್ಧರಿಸಲಿ. ಹೊರಡುವವರು ಗೌರವದಿಂದ ಹೊರಡಲಿ, ಉಳಿಯುವವರು ಹಕ್ಕಿನಿಂದ ಉಳಿಯಲಿ.

ಬೆಳಗಾವಿಯ ವಿದ್ಯಾರ್ಥಿ ಮಿತ್ರರೆ, ಮುಂದಿನ ಭಾನುವಾರ ನೀವೂ ಬನ್ನಿ. ಜಲಪಾತವನ್ನು ನೋಡಿದ ಮೇಲೆ ಆ ಹೆಂಚಿನ ಮನೆಯ ಜಗಲಿಯಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿ. ಅವರು ಕಾಡನ್ನು ಬೈಯುವುದನ್ನೂ ಕೇಳಿ, ಹೊಗಳುವುದನ್ನೂ ಕೇಳಿ. ಎರಡನ್ನೂ ಬರೆದುಕೊಂಡು ಹೋಗಿ ಗ್ರಾಮಸಭೆಯ ಅರ್ಜಿ ಬರೆಯಲು ನೆರವಾಗಿ. ಅಲ್ಲಿಯವರೆಗೆ ಅವರನ್ನು ಪುಣ್ಯವಂತರೆಂದು ಕರೆಯುವುದು ಬೇಡ.